ಉರುಳಿ ಬಂದ ಕಲ್ಲು

ನಾನು ಒಂದು ಕಲ್ಲು. ಗಾತ್ರದಲ್ಲಿ ಅರ್ಧ ತೆಂಗಿನಕಾಯಿಯಷ್ಟು, ಬಣ್ಣದಲ್ಲಿ ಹುಳಿ ಮಜ್ಜಿಗೆಯಂತೆ. ಹೊಟ್ಟೆಯಲ್ಲಿ ಹನ್ನೊಂದು ಬಸವನಹುಳುಗಳಿವೆ. ಸರಿಯಾಗಿ ಎಣಿಸಿದರೆ ಹತ್ತೂವರೆ. ಆ ಅರ್ಧದ ಕಥೆ ಮುಂದೆ ಬರುತ್ತದೆ. ಬೆನ್ನ ಮೇಲೆ ಒಂದು ಬಿಳಿ ಬಣ್ಣದ ಪಟ್ಟಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಏನೋ ಬರೆದು ಆಮೇಲೆ ಬ್ಲೇಡಿನಿಂದ ಕೆರೆದ ಗುರುತು. ಯಾರು ನನ್ನನ್ನು ಕೈಗೆತ್ತಿಕೊಂಡರೂ ಮೊದಲು ನೋಡುವುದು ಆ ಕೆರೆದ ಜಾಗವನ್ನೇ. ಆಗ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ. ಕಲ್ಲಿಗೆಂಥ ನಾಚಿಕೆ ಅಂತ ನೀವು ನಗಬಹುದು. ನಗಿ. ನಾನೂ ಒಮ್ಮೆ ನಗಬಾರದ ಕಡೆ ನಕ್ಕೆ, ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಹುಟ್ಟಿದ್ದು ಒಂದು ಕೆರೆಯ ತಳದಲ್ಲಿ. ಈಗ ಕಾಗಿಣಾ ನದಿ ಹರಿಯುವ ಸೀಮೆಯಲ್ಲೇ, ಆದರೆ ನದಿಯೂ ಇರಲಿಲ್ಲ, ಸೀಮೆ ಅಂತ ಹೆಸರಿಡಲು ಮನುಷ್ಯರೂ ಇರಲಿಲ್ಲ. ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನ ಮಾತು. ಆಗ ಭೂಮಿ ಬಿರಿದು ಬೆಂಕಿಯ ರಸ ಕಕ್ಕುತ್ತಿತ್ತು. ಒಂದು ಸಲ ಉಕ್ಕಿ ಹರಿದು, ತಣಿದು, ಕರಿಗಲ್ಲಾಗಿ ಕೂರುತ್ತಿತ್ತು. ಮುಂದಿನ ಉಕ್ಕು ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಹಿಡಿಯುತ್ತಿತ್ತು. ಆ ನಡುವಿನ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತಿತು, ಪಾಚಿ ಬೆಳೆಯಿತು, ಬಸವನಹುಳುಗಳು ಸಂಸಾರ ಹೂಡಿದವು. ನಾನು ಆ ಕೆರೆಯ ಕೆಸರು. ಸತ್ತ ಹುಳುಗಳ ಚಿಪ್ಪುಗಳನ್ನು ಒಂದೊಂದಾಗಿ ಮಡಿಲಲ್ಲಿ ಹಾಕಿಕೊಂಡು ಕೂತೆ. ಆ ಕಾಲದಲ್ಲಿ ದೈತ್ಯ ಹಲ್ಲಿಗಳು ಓಡಾಡುತ್ತಿದ್ದವಂತೆ, ಒಂದೆರಡು ನನ್ನನ್ನು ತುಳಿದೂ ಹೋಗಿರಬಹುದು. ನೋಡಿದೆ ಅಂತ ಆಣೆ ಮಾಡಲಾರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಚಾಳಿ ಬಿಟ್ಟು ಈಗ ಬಹಳ ದಿನವಾಯಿತು.

ಮತ್ತೆ ಬೆಂಕಿಯ ರಸ ಬಂದು ನನ್ನನ್ನು ಮುಚ್ಚಿತು. ಬಿಸಿನೀರು ಸೋಸಿ ಸೋಸಿ ಕೆಸರು ಬೆಣಚುಕಲ್ಲಾಯಿತು, ಚಿಪ್ಪುಗಳೂ ಕಲ್ಲಾದವು. ಮೇಲೆ ಕರಿಗಲ್ಲು, ಕೆಳಗೆ ಕರಿಗಲ್ಲು, ನಡುವೆ ನಾವು, ಒಂದು ಮೊಳ ದಪ್ಪದ ಬಿಳಿ ಪಟ್ಟೆ. ಇನ್ನೂ ಕೆಳಗೆ, ಎಲ್ಲರಿಗಿಂತ ತಳದಲ್ಲಿ, ಒಬ್ಬ ಹಿರಿಯ ಮಲಗಿದ್ದ. ಅವನೇ ಸುಣ್ಣಕಲ್ಲು, ನೀವು ಅಂಗಳಕ್ಕೆ ಹಾಸುವ ಪರಸಿ. ಅವನು ಸಮುದ್ರದ ತಳದಲ್ಲಿ ಹುಟ್ಟಿದವನು. ಅವನ ವಯಸ್ಸು ಎಂಬತ್ತು ಕೋಟಿಯೋ ನೂರು ಕೋಟಿಯೋ, ಬಲ್ಲವರೇ ಇನ್ನೂ ಜಗಳಾಡುತ್ತಾರೆ. ಆ ಸಮುದ್ರದಲ್ಲಿ ಮೀನಿರಲಿಲ್ಲ, ಬಸವನಹುಳು ಇರಲಿಲ್ಲ, ಚಿಪ್ಪು ಅನ್ನುವ ಸಂಗತಿಯೇ ಜಗತ್ತಿಗೆ ಬಂದಿರಲಿಲ್ಲ. ಕಣ್ಣಿಗೆ ಕಾಣದ ಪಾಚಿಯಂಥ ಜೀವಗಳು ಮತ್ತು ಅಲೆಗಳು, ಅಷ್ಟೆ. ಈಗಲೂ ಕೆಲವು ಪರಸಿಗಳನ್ನು ಎಬ್ಬಿಸಿದರೆ ಮೈಮೇಲೆ ಆ ಅಲೆಗಳ ಗೆರೆ ಕಾಣುತ್ತದೆ.

ಕೆಳಗಿದ್ದವನು ಹಿರಿಯ, ಮೇಲಿದ್ದವನು ಕಿರಿಯ. ನಮ್ಮ ಕುಲದಲ್ಲಿ ಇದೊಂದೇ ಕಟ್ಟಳೆ. ಅದನ್ನು ಮುರಿದವನು ನಾನು.

ಮುರಿದದ್ದು ಹೀಗೆ. ಆ ಊರಿನಲ್ಲಿ ಪರಸಿ ಖಣಿ ಇತ್ತು. ಮೇಲಿನ ಎರೆಮಣ್ಣು, ಕರಿಗಲ್ಲು, ನಾವು, ಎಲ್ಲವನ್ನೂ ಕಡಿದು ಬದಿಗೆ ಸರಿಸಿ ಕೆಳಗಿನ ಹಿರಿಯನನ್ನು ಹಾಳೆ ಹಾಳೆಯಾಗಿ ಎಬ್ಬಿಸುತ್ತಿದ್ದರು. ಒಂದು ವರ್ಷ ಮಳೆ ಜೋರಾಗಿ ಮೇಲಿನ ದಂಡೆ ಕುಸಿಯಿತು. ನಾನು ನನ್ನ ಅಕ್ಕನಿಂದ ಒಡೆದು ಬೇರೆಯಾದೆ. ಅಕ್ಕ ಅಂದರೆ ನನ್ನದೇ ಇನ್ನೊಂದು ಹೋಳು. ನಮ್ಮ ಹನ್ನೊಂದನೆಯ ಹುಳು ಸೀಳಿ ಅರ್ಧ ಅವಳ ಪಾಲಿಗೆ ಹೋಯಿತು, ಅರ್ಧ ನನಗೆ ಉಳಿಯಿತು. ಅವಳು ದಂಡೆಯಲ್ಲೇ ಕಚ್ಚಿಕೊಂಡು ಕೂತಳು, ನಾನು ಉರುಳಿ ಉರುಳಿ ಕೆಳಗಿನ ಪರಸಿಯ ಒಂದು ಬಿರುಕಿನಲ್ಲಿ ಸಿಕ್ಕಿಕೊಂಡೆ. ಮೇಲಿಂದ ಸುಣ್ಣದ ನೀರು ಇಳಿಯಿತು, ಮಣ್ಣು ಮೆತ್ತಿತು. ಹತ್ತು ಹನ್ನೆರಡು ವರ್ಷದಲ್ಲಿ ನಾನು ಅಲ್ಲಿಯೇ ಹುಟ್ಟಿದವನ ಹಾಗೆ ಕಾಣತೊಡಗಿದೆ.

ಖಣಿಯ ಮೇಸ್ತ್ರಿ ಲಾಡ್ಲೇಸಾಬರು. ಅವರಪ್ಪನೂ ಪರಸಿ ಎಬ್ಬಿಸಿದವರೇ. ಅಕ್ಷರ ಬಾರದು, ಆದರೆ ಸುತ್ತಿಗೆಯ ಹಿಂಬದಿಯಿಂದ ಒಮ್ಮೆ ಟಣ್ಣೆನಿಸಿ ಕಿವಿಗೊಟ್ಟರೆ, ಇದು ಯಾವ ಪದರ, ಎಷ್ಟು ಇಂಚು, ಎಬ್ಬಿಸಿದರೆ ಸಿಗಿಯುತ್ತದೋ ನಿಲ್ಲುತ್ತದೋ ಹೇಳಿಬಿಡುತ್ತಿದ್ದರು. ಆ ಖಣಿಯ ಹದಿಮೂರು ಪದರಕ್ಕೂ ಅವರ ಮನೆತನ ಇಟ್ಟ ಹೆಸರುಗಳಿದ್ದವು. ಎಲ್ಲಕ್ಕಿಂತ ತಳದ್ದು ‘ಮುತ್ಯಾ’, ಅಂದರೆ ಅಜ್ಜ. ನಡುವಿನ ಎರಡು ‘ಅತ್ತಿ’ ಮತ್ತು ‘ಸೊಸಿ’. ಅಂಟಿಕೊಂಡೇ ಇರುತ್ತವೆ, ಆದರೆ ಹಾರೆ ಸೋಕಿತೋ ಕಿತ್ತಾಡಿ ಬೇರೆಯಾಗುತ್ತವೆ ಅಂತ ಆ ಹೆಸರು. ನಾನು ಸಿಕ್ಕಿಕೊಂಡಿದ್ದು ಸೊಸಿಯ ಬಿರುಕಿನಲ್ಲಿ. ಸುತ್ತಲ ಏಳು ಖಣಿಯವರು ಪದರದ ವಿಷಯದಲ್ಲಿ ಜಗಳ ಬಂದರೆ ಲಾಡ್ಲೇಸಾಬರ ಹತ್ತಿರ ಬರುತ್ತಿದ್ದರು. ಅವರು ಟಣ್ಣೆನಿಸಿ ಒಂದು ಮಾತು ಹೇಳಿದರೆ ಮುಗಿಯಿತು. ಅವರ ಆಸ್ತಿಯೆಲ್ಲ ಆ ಒಂದು ಮಾತೇ.

ಅಲ್ಲಿಗೆ ಭಾನುವಾರ ಭಾನುವಾರ ಬರುತ್ತಿದ್ದವಳು ಮಹಾನಂದಾ ಬಿರಾದಾರ. ತಾಲ್ಲೂಕಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವಾಕೆ. ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ. ಊರಿನವರು ‘ಕಲ್ಲು ಮೇಡಂ’ ಅನ್ನುತ್ತಿದ್ದರು. ಲಾಡ್ಲೇಸಾಬರು ಮಾತ್ರ ‘ಅಕ್ಕೋರೆ’ ಅಂತ ಗೌರವದಿಂದ ಕರೆಯುತ್ತಿದ್ದರು, ಆಕೆ ಅವರನ್ನು ‘ಕಾಕಾ’ ಅನ್ನುತ್ತಿದ್ದಳು. ಅವರ ಮನೆಯ ರೊಟ್ಟಿ, ಪುಂಡಿಪಲ್ಯ ತಿಂದು, ಅವರ ಹಿಂದೆ ಪದರ ಪದರ ಓಡಾಡಿ ಎಷ್ಟೋ ಕಲಿತಳು. ಪದರಗಳ ಅಳತೆ, ಹೆಸರು ಎಲ್ಲವನ್ನೂ ಆಕೆಯ ನೋಟ್‌ಬುಕ್ಕಿಗೆ ಹೇಳಿ ಬರೆಸಿದವರು ಅವರೇ.

ಆ ವರ್ಷ ಆಕೆಗೆ ಒಂದು ಸಂಕಟ ಬಂದಿತ್ತು. ಭೂವಿಜ್ಞಾನಕ್ಕೆ ಸೇರುವ ಮಕ್ಕಳು ಕಡಿಮೆಯಾಗಿ, ವಿಭಾಗವನ್ನೇ ಮುಚ್ಚುವ ಮಾತು ನಡೆದಿತ್ತು. ಹದಿನಾಲ್ಕು ವರ್ಷ ಒಬ್ಬಳೇ ಕಟ್ಟಿದ ವಿಭಾಗ. ಕಪಾಟುಗಳ ತುಂಬ ಆಕೆ ಹೆಕ್ಕಿ ತಂದ ಕಲ್ಲುಗಳು. “ಏನಾರೆ ದೊಡ್ಡದು ಸಿಗಬೇಕು ಕಾಕಾ, ಇಲ್ಲಾಂದ್ರ ಬಾಗಲಾ ಹಾಕ್ತಾರ” ಅಂತ ಅವರ ಮುಂದೆ ಹೇಳಿಕೊಂಡಿದ್ದಳು. ಅದನ್ನು ನಾನು ಬಿರುಕಿನಲ್ಲಿ ಕೂತೇ ಕೇಳಿದ್ದೆ.

ಮರುವಾರವೇ ಆಕೆಯ ಕಣ್ಣು ನನ್ನ ಮೇಲೆ ಬಿತ್ತು. ಉಳಿ ಹಾಕಿ ಮೀಟಿದಳು, ಉಗುರಿನಿಂದ ಮಣ್ಣು ಕೆರೆದಳು, ನಾಲಿಗೆಯಿಂದ ನೆಕ್ಕಿ ಒದ್ದೆ ಮಾಡಿ ಭೂತಗನ್ನಡಿ ಹಿಡಿದಳು. ಕಲ್ಲು ನೋಡುವವರು ಹಾಗೇ, ನೆಕ್ಕದೆ ನಂಬುವುದಿಲ್ಲ. ಹುಳುಗಳ ಸುರುಳಿ ಕಂಡದ್ದೇ “ಎಪ್ಪಾ ನನ್ನಪ್ಪಾ!” ಅಂತ ಅಲ್ಲೇ ಕುಕ್ಕರಿಸಿದಳು. ನೂರು ಕೋಟಿ ವರ್ಷದ ಸುಣ್ಣಕಲ್ಲಿನಲ್ಲಿ ಬಸವನಹುಳು! ಮೊಮ್ಮಗ ಅಜ್ಜನ ಮದುವೆಯಲ್ಲಿ ಕೂತು ಹೋಳಿಗೆ ಉಂಡ ಹಾಗೆ. ಇದು ನಿಜವಾದರೆ ಪುಸ್ತಕಗಳನ್ನೇ ತಿದ್ದಬೇಕಾಗುತ್ತದೆ.

ಲಾಡ್ಲೇಸಾಬರನ್ನು ಕೂಗಿ ಕರೆದಳು. ಅವರು ಬಂದು ನನ್ನನ್ನು ಅಂಗೈಯಲ್ಲಿ ತೂಗಿದರು, ಉಳಿಯಿಂದ ಒಂದು ಪೆಟ್ಟು ಕೊಟ್ಟರು. ಕಿಡಿ ಹಾರಿತು.

“ಅಕ್ಕೋರೆ, ಇದು ನಮ್ಮ ಕಲ್ಲಲ್ರಿ. ನಮ್ಮ ಪರಸಿ ಕಿಡಿ ಹಾರಸಂಗಿಲ್ಲ. ಇದು ಮ್ಯಾಲಿಂದು. ಆ ವರ್ಷ ಮಳಿಗಿ ದಂಡಿ ಕುಸಿದಾಗ ಇಂಥವು ಬುಟ್ಟಿಗಟ್ಲೆ ಬಿದ್ದಾವ.”

“ಸುಣ್ಣಕಲ್ಲೊಳಗೂ ಬೆಣಚಿನ ಗಂಟು ಇರ್ತಾವ ಕಾಕಾ. ನೋಡ್ರಿ, ಹೆಂಗ ಕಚಗೊಂಡು ಕುಂತಿತ್ತು.”

“ಕುಂತದ ಖರೇ. ರೊಟ್ಟಿ ಬುಟ್ಟಿ ನೋಡೀರಿಲ್ಲೋ? ಮೊದಲ ಬಡದದ್ದು ಬುಡಕ, ಕಡೀಕ ಬಡದದ್ದು ಮ್ಯಾಲ. ಮ್ಯಾಲಿನ ರೊಟ್ಟಿ ಒಂದು ತುಣುಕು ಬದೀಲಿಂದ ಜಾರಿ ಬುಡಕ ಬಿದ್ದರ, ಅದನ್ನ ಮೊದಲ ಬಡದದ್ದು ಅಂತೀರೇನು?”

ಆಕೆ ನಕ್ಕಳು. ನೋಟ್‌ಬುಕ್ ತೆಗೆದಳು. ಸಿಕ್ಕ ಪ್ರತಿ ಕಲ್ಲಿಗೂ ಅದರಲ್ಲಿ ಒಂದು ಸಾಲು ಬರೆಯುವ ರೂಢಿ. ಎಲ್ಲಿ, ಯಾವ ಪದರ, ಎಷ್ಟು ಆಳ. ಸಾಲಿನ ಕಡೆಯ ಮನೆಯಲ್ಲಿ, ಅಂದರೆ ಕೊನೆಯ ಚೌಕದಲ್ಲಿ, ಎರಡರಲ್ಲಿ ಒಂದು ಬರೆಯಬೇಕು: ‘ಪದರದಲ್ಲೇ ಇದ್ದದ್ದು’ ಅಥವಾ ‘ಉರುಳಿ ಬಂದದ್ದು’. ಭೂಮಿಯ ಕಥೆ ಓದುವವರಿಗೆ ಅದೊಂದು ಮನೆಯೇ ಪ್ರಾಣ. ಪದರದಲ್ಲಿದ್ದ ಕಲ್ಲು ಸಾಕ್ಷಿ ಹೇಳುತ್ತದೆ, ಉರುಳಿ ಬಂದದ್ದು ಹೇಳಿದರೆ ಯಾರೂ ಕೇಳಬಾರದು. ಆಕೆಯ ಪೆನ್ಸಿಲ್ ಆ ಮನೆಯ ಮೇಲೆ ಬಹಳ ಹೊತ್ತು ನಿಂತಿತು. ಅರ್ಧ ನಂಬಿಕೆ, ಅರ್ಧ ಆಸೆ. ಆಮೇಲೆ ಬರೆದಳು: ‘ಪದರದಲ್ಲೇ ಇದ್ದದ್ದು.’

ನಾನಾದರೂ ಜಾರಿ ಬೀಳಬಹುದಿತ್ತು, ಇನ್ನೊಂದು ಪೆಟ್ಟಿಗೆ ಪುಡಿಯಾಗಬಹುದಿತ್ತು. ಏನೂ ಮಾಡಲಿಲ್ಲ. ಬಾಯಿಲ್ಲದವರು ಸುಳ್ಳು ಹೇಳುವುದು ಹೀಗೇ, ಸುಮ್ಮನಿದ್ದು.

ಕಾಲೇಜಿಗೆ ತಂದು ಬೆನ್ನಿಗೆ ಬಿಳಿ ಬಣ್ಣ ಬಳಿದು ‘ಮ ೧೭’ ಅಂತ ನಂಬರು ಬರೆದಳು. ನನ್ನ ಮೇಲೊಂದು ಲೇಖನ ಬರೆದು ವಿಜ್ಞಾನದ ನಿಯತಕಾಲಿಕೆಯಲ್ಲಿ ಅಚ್ಚು ಹಾಕಿಸಿದಳು. ಪತ್ರಿಕೆಯಲ್ಲಿ ಅರ್ಧ ಪುಟದ ಸುದ್ದಿ ಬಂತು. ನನ್ನದೂ ಆಕೆಯದೂ ಫೋಟೋ. ಗಾಜಿನ ಪೆಟ್ಟಿಗೆ, ಕೆಂಪು ಮಖಮಲ್ಲು, ಮೇಲೊಂದು ದೀಪ. ಊರೂರಿನ ಮಕ್ಕಳು ಸಾಲುಗಟ್ಟಿ ಬಂದು ನನ್ನನ್ನು ನೋಡಿದರು. ಮನುಷ್ಯರು ವಯಸ್ಸು ಮುಚ್ಚಿಡುತ್ತಾರಂತೆ; ನಾನು ಇಲ್ಲದ ವಯಸ್ಸನ್ನು ಹೊತ್ತು ಮೆರೆದೆ. ಥೂ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪಕ್ಕದ ಕಪಾಟಿನಲ್ಲಿ ನಿಜವಾದ ಸುಣ್ಣಕಲ್ಲು, ಅಲೆಯ ಗೆರೆಯ ಹಿರಿಯ, ಧೂಳು ತಿನ್ನುತ್ತ ಬಿದ್ದಿದ್ದ. ಅವನ ಕಡೆ ನಾನು ತಿರುಗಿಯೂ ನೋಡಲಿಲ್ಲ. ವಿಭಾಗ ಮುಚ್ಚುವ ಮಾತು ನಿಂತಿತು. ಇಪ್ಪತ್ತೆರಡು ಮಕ್ಕಳು ಹೊಸದಾಗಿ ಸೇರಿದರು.

ಕಾಲೇಜಿನಲ್ಲಿ ಸನ್ಮಾನ ಇಟ್ಟರು. ಮಹಾನಂದಾ ತಾನಾಗಿ ಹೋಗಿ ಲಾಡ್ಲೇಸಾಬರನ್ನು ಕರೆದು ತಂದಳು, ಅದನ್ನು ಮರೆಯಬಾರದು. ಅವರು ಈದ್‌ಗೆ ಹೊಲಿಸಿದ ಬಿಳಿ ಅಂಗಿ ತೊಟ್ಟು ವೇದಿಕೆಯ ತುದಿ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಪ್ರಿನ್ಸಿಪಾಲರು ಆಕೆಗೆ ಶಾಲು ಹೊದಿಸಿ, ಅವರಿಗೂ ಒಂದು ಹಾರ ಹಾಕಿ, “ನೀವೂ ಎರಡು ಮಾತು ಹೇಳ್ರಿ ಸಾಬರೇ” ಅಂತ ಮೈಕು ಮುಂದೆ ಮಾಡಿದರು. ಅವರು ಎದ್ದು ಗಂಟಲು ಸರಿಮಾಡಿಕೊಂಡರು.

“ಅಕ್ಕೋರು ಭಾಳ ಕಷ್ಟಪಟ್ಟಾರ. ಅವರಿಗೆ ಛಲೋ ಆಗಲಿ. ಕಲ್ಲೂ ಛಲೋ ಅದ. ಆದರ ಅದು ಮ್ಯಾಲಿಂದ್ರಿ. ಉರುಳಿ ಬಂದದ್ದು.”

ಸಭೆಯಲ್ಲಿ ಗುಜುಗುಜು ಎದ್ದಿತು. ಮಹಾನಂದಾಳ ಮುಖ ಬಿಳಿಚಿತು. ಎದ್ದು ಬಂದು ಮೈಕು ಹಿಡಿದಳು, ನಗುನಗುತ್ತ, ಸಲಿಗೆಯ ಧ್ವನಿಯಲ್ಲೇ ಅಂದಳು: “ನಮ್ಮ ಕಾಕಾಗ ಕಲ್ಲು ಒಡ್ಯಾಕ ಬರ್ತದ, ಓದಾಕ ಬರಂಗಿಲ್ಲ.”

ಹಾಲ್ ಪೂರ್ತಿ ನಕ್ಕಿತು. ಚಪ್ಪಾಳೆ ಬಿತ್ತು. ಲಾಡ್ಲೇಸಾಬರೂ ನಗಲು ನೋಡಿದರು, ತುಟಿ ಅರ್ಧಕ್ಕೆ ನಿಂತಿತು. ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಚಹಾ ಕುಡಿಯದೆ ಇಳಿದು ಹೋದರು. ಸನ್ಮಾನಕ್ಕೆಂದು ವೇದಿಕೆಯ ಪಕ್ಕ ತಂದಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದ ನಾನೂ ನಕ್ಕಿದ್ದೆ. ಅವರು ನನ್ನ ಮುಂದೆ ಹಾದುಹೋಗುವಾಗ ಒಮ್ಮೆ ನಿಂತು ನೋಡಿದರು. ಸಿಟ್ಟಿನಿಂದಲ್ಲ. ಪೇಟೆಯಲ್ಲಿ ಗುರುತಿನವರ ಹುಡುಗ ಬೀಡಿ ಸೇದುವುದನ್ನು ಕಂಡ ಹಿರಿಯರು ನೋಡುತ್ತಾರಲ್ಲ, ಹಾಗೆ. ನಗು ಅಲ್ಲಿಗೆ ಬತ್ತಿತು.

ಆ ಮಾತು ಆ ಸಭೆಯಲ್ಲೇ ಉಳಿಯಲಿಲ್ಲ. ಗಾಜು ಒರೆಸಲು ಬರುತ್ತಿದ್ದ ಜವಾನ ಶರಣಪ್ಪ ಇನ್ನೊಬ್ಬನ ಹತ್ತಿರ ಹೇಳುವುದನ್ನು ಕೇಳಿದೆ. ಖಣಿಗಳಲ್ಲಿ ಈಗ ಲಾಡ್ಲೇಸಾಬರಿಗೆ ‘ಓದಾಕ ಬರದ ಸಾಬ’ ಅಂತ ಹೆಸರು ಬಿದ್ದಿದೆಯಂತೆ. ಅವರು ಟಣ್ಣೆನಿಸಿ ಏನಾದರೂ ಹೇಳಿದರೆ, “ಮೇಡಂಗ ಕೇಳೋಣ ತಡೀರಿ” ಅಂತ ನಗುತ್ತಾರಂತೆ. ಪದರದ ಜಗಳಕ್ಕೆ ಅವರನ್ನು ಯಾರೂ ಕರೆಯುತ್ತಿಲ್ಲವಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅವರ ಮಾನ ಹೋದದ್ದು ಅಡಿಕೆಗೂ ಅಲ್ಲ, ಮುಷ್ಟಿಯಷ್ಟು ಬೆಣಚುಕಲ್ಲಿಗೆ.

ಮಹಾನಂದಾ ಒಂದೆರಡು ತಿಂಗಳು ಖಣಿಯ ಕಡೆ ಹೋಗಲಿಲ್ಲ. ಆಮೇಲೊಂದು ದಿನ ಹೋಗಿ, ಲಾಡ್ಲೇಸಾಬರಿಗೆ ಎದುರಾಗದಂತೆ ಸುತ್ತು ಹಾಕಿ ಮೇಲಿನ ದಂಡೆ ಹತ್ತಿದಳಂತೆ. ಇದನ್ನು ನನಗೆ ಹೇಳಿದವಳು ಅಕ್ಕ. ಹೌದು, ಅಕ್ಕ ಅಲ್ಲೇ ಇದ್ದಳು, ಒಡೆದ ಮುಖ ಹೊರಗೆ ಮಾಡಿ. ಅವಳನ್ನು ಕಿತ್ತು ಚೀಲಕ್ಕೆ ಹಾಕಿ ತಂದ ಮರುದಿನ ಮಧ್ಯಾಹ್ನ, ಕಾಲೇಜಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ಮಹಾನಂದಾ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ನನ್ನನ್ನು ಪೆಟ್ಟಿಗೆಯಿಂದ ತೆಗೆದಳು, ಚೀಲದಿಂದ ಅಕ್ಕನನ್ನು ತೆಗೆದಳು, ಎರಡನ್ನೂ ಕೂಡಿಸಿದಳು. ‘ಟಕ್’ ಅಂತ ಕೂತೆವು, ಡಬ್ಬಿಗೆ ಮುಚ್ಚಳ ಕೂತ ಹಾಗೆ. ಹನ್ನೊಂದನೆಯ ಹುಳು ಪೂರ್ತಿಯಾಯಿತು.

ಆಕೆ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಹಳ ಹೊತ್ತಾದ ಮೇಲೆ ಎದ್ದು ಮುಖ ತೊಳೆದಳು. ನನ್ನನ್ನು ಮತ್ತೆ ಮಖಮಲ್ಲಿನ ಮೇಲಿಟ್ಟಳು. ಅಕ್ಕನನ್ನು ಹಳೆಯ ಉತ್ತರಪತ್ರಿಕೆಗಳ ಕೆಳಗೆ, ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದಳು. ಅಲ್ಲಿಯವರೆಗೆ ಆದದ್ದು ತಪ್ಪು. ಆ ಬೀಗ ಹಾಕಿದ ಮೇಲಿನದು ಪಾಪ.

ಮೂರು ವರ್ಷ ಹಾಗೇ ನಡೆಯಿತು. ಪಾಠ ಮಾಡುವಾಗ ‘ಕೆಳಗಿನ ಪದರ ಹಿರಿಯದು’ ಅನ್ನುವ ವಾಕ್ಯ ಬಂದಾಗಲೆಲ್ಲ ಆಕೆ ಬೋರ್ಡಿನ ಕಡೆ ತಿರುಗುತ್ತಿದ್ದಳು. ಮಕ್ಕಳು ನನ್ನ ಬಗ್ಗೆ ಕೇಳಿದರೆ “ಇನ್ನೂ ಪರೀಕ್ಷೆ ನಡೆದದ” ಅಂದು ಬೇರೆ ಮಾತು ತೆಗೆಯುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರ ಕಥೆ ಗೊತ್ತಲ್ಲ. ಆಕೆಯ ಕೈ ಡ್ರಾಯರಿನ ಬೀಗದ ಮೇಲೆ ಹೋಗುತ್ತಿತ್ತು.

ಕಡೆಗೆ ಪರೀಕ್ಷೆ ಮಾಡುವವರೇ ಬಂದರು. ಮೈಸೂರಿನ ಪದ್ಮನಾಭಯ್ಯ, ನಿವೃತ್ತ ಭೂವಿಜ್ಞಾನಿ, ಎಪ್ಪತ್ತು ದಾಟಿದ ಸಣ್ಣ ಮನುಷ್ಯ. ಆಕೆಯ ಲೇಖನ ಓದಿ, ಜಾಗವನ್ನೇ ನೋಡಬೇಕು ಅಂತ ಬಂದಿದ್ದರು. “ತೀರ್ಪು ಕೊಡೋಕೆ ಬಂದಿಲ್ಲಮ್ಮ, ನೋಡೋಕೆ ಬಂದಿದೀನಿ. ಕಲ್ಲನ್ನೂ ತಗೊಂಡು ಬನ್ನಿ” ಅಂದರು. ಆ ಬೆಳಿಗ್ಗೆ ಆಕೆ ನನ್ನನ್ನು ಚೀಲಕ್ಕೆ ಹಾಕಿದಳು. ಆಮೇಲೆ ಬೀಗ ತೆಗೆದು ಅಕ್ಕನನ್ನೂ ಹಾಕಿದಳು. ಯಾಕೆ ಅಂತ ಸೇತುವೆಯ ಮೇಲೆ ತಿಳಿಯಿತು. ಕಾಗಿಣಾ ಸೇತುವೆ ಬಂದೊಡನೆ ಜೀಪು ನಿಲ್ಲಿಸಲು ಹೇಳಿ, ಇಳಿದು, ಕಟ್ಟೆಯ ಹತ್ತಿರ ನಿಂತು ಚೀಲಕ್ಕೆ ಕೈ ಹಾಕಿದಳು. ಬೆರಳು ಅಕ್ಕನನ್ನು ಹಿಡಿದವು. ಅಷ್ಟರಲ್ಲಿ ಪದ್ಮನಾಭಯ್ಯನವರೂ ಇಳಿದು ಪಕ್ಕಕ್ಕೆ ಬಂದು, “ಆಹಾ, ನೋಡಿಮ್ಮ, ನದಿ ಹೇಗೆ ಪದರ ಪದರ ಕೊಯ್ದಿದೆ” ಅಂತ ಮಗುವಿನ ಹಾಗೆ ಕೈ ಚಾಚಿದರು. ಆಕೆ ಚೀಲದ ಬಾಯಿ ಮುಚ್ಚಿದಳು.

ಖಣಿಯಲ್ಲಿ ನೋಡಿದರೆ ನಾನು ಸಿಕ್ಕ ಸೊಸಿ ಪದರವೇ ಇರಲಿಲ್ಲ. ಮೂರು ವರ್ಷದಲ್ಲಿ ಎಬ್ಬಿಸಿ ಮಾರಿದ್ದರು. ಯಾರ ಅಂಗಳದಲ್ಲಿ ಹಾಸಿದೆಯೋ. ಮೇಲಿನ ದಂಡೆಯ ಬಿಳಿ ಪಟ್ಟೆಯ ಮೇಲೆ ಖಣಿಯ ಮಣ್ಣು ಸುರಿದು ಗುಡ್ಡವಾಗಿತ್ತು. ಇನ್ನುಳಿದ ಸಾಕ್ಷಿ ಒಬ್ಬರೇ. ಲಾಡ್ಲೇಸಾಬರು ಬೇವಿನ ಗಿಡದ ಕೆಳಗೆ ಕೂತಿದ್ದರು. ಕಲ್ಲಿನ ಧೂಳು ಕುಡಿದು ಕುಡಿದು ಕಣ್ಣು ಮಂಜಾಗಿದ್ದವು. ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು “ಅಕ್ಕೋರು ಬಂದ್ರೇನು?” ಅಂದರು. ಅಷ್ಟೇ ಸಹಜವಾಗಿ. ಆಕೆ ನೆಲ ನೋಡುತ್ತ “ಹೌದ್ರಿ ಕಾಕಾ” ಅಂದಳು.

ಪದ್ಮನಾಭಯ್ಯನವರು ಅವರ ಮುಂದೆ ನೆಲದ ಮೇಲೇ ಕೂತು, ನನ್ನನ್ನು ಅವರ ಕೈಯಲ್ಲಿಟ್ಟು ಕೇಳಿದರು: “ನೀವು ಆವತ್ತು ಅಲ್ಲೇ ಇದ್ರಂತೆ. ನಿಮ್ಮ ಮಾತೇ ಈಗ ಆಧಾರ. ಇದು ಪದರದಲ್ಲೇ ಇತ್ತಾ, ಮೇಲಿಂದ ಬಂದದ್ದಾ?”

ಅವರ ಹೆಬ್ಬೆರಳು ನನ್ನ ಮೇಲೆ ಹರಿದಾಡಿತು. ಒಡೆದ ಅಂಚಿಗೆ ಬಂದು ನಿಂತಿತು. ಈಗ ಹೇಳುತ್ತಾರೆ ಅಂದುಕೊಂಡೆ, ಹೇಳಲಿ ಅಂತ ಹುಳು ಹುಳುವಿನಲ್ಲೂ ಬೇಡಿಕೊಂಡೆ. ಅವರು ತಲೆಯೆತ್ತಿ ಆಕೆ ನಿಂತ ದಿಕ್ಕಿಗೆ ಮುಖ ಮಾಡಿದರು. ಆಕೆಯ ಉಸಿರಾಟ ನನಗೇ ಕೇಳುತ್ತಿತ್ತು, ಅವರಿಗೆ ಕೇಳದಿರುತ್ತದೆಯೇ?

“ಅಕ್ಕೋರು ಬರದಾರಲ್ರಿ ಸಾಹೇಬ್ರ. ಅದೇ ಖರೇ ಇರಬೇಕು. ನಂಗ ಕಲ್ಲು ಒಡ್ಯಾಕ ಬರ್ತದ, ಓದಾಕ ಬರಂಗಿಲ್ಲ.”

ಚುಚ್ಚಬೇಕು ಅಂತ ಅಂದದ್ದಲ್ಲ. ಆಕೆಯ ಬಾಗಿಲು ಮುಚ್ಚಬಾರದು ಅಂತ ಅಂದದ್ದು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು. ಮಹಾನಂದಾ ಅವರ ಮುಂದೆ ಬಂದು ಕೂತಳು. ಚೀಲದಿಂದ ಅಕ್ಕನನ್ನು ತೆಗೆದು, ಅವರ ಕೈಯಲ್ಲಿದ್ದ ನನಗೆ ಕೂಡಿಸಿದಳು. ಟಕ್.

“ಅವರಿಗೆ ಓದಾಕ ಬರ್ತದ ಸರ್” ಅಂದಳು. “ಓದಾಕ ಬರದಾಕಿ ನಾನು. ಈ ಇನ್ನೊಂದು ಹೋಳು ಮ್ಯಾಲಿನ ದಂಡ್ಯಾಗ ಸಿಕ್ಕದ್ದು. ಮೂರು ವರ್ಷ ಆತು, ನನ್ನ ಹತ್ರನೇ ಅದ. ಆವತ್ತೇ ಕಾಕಾ ಹೇಳಿದ್ರು, ಉರುಳಿ ಬಂದದ್ದು ಅಂತ. ಸಭಾದಾಗೂ ಹೇಳಿದ್ರು. ನಾನು ಅವರನ್ನ ನಗೆಪಾಟಲು ಮಾಡಿದೆ.”

ಪದ್ಮನಾಭಯ್ಯನವರು ಕನ್ನಡಕ ತೆಗೆದು ಒರೆಸಿದರು. “ಮೂರು ವರ್ಷದ ಹಿಂದೆ ಹೇಳಿದ್ರೆ ಒಂದು ಸಾಲಿನ ತಪ್ಪಾಗಿರೋದಮ್ಮ” ಅಂದರು, ಅಷ್ಟೇ. ಬೈಯಲಿಲ್ಲ. ಆಮೇಲೆ ಲಾಡ್ಲೇಸಾಬರ ಕಡೆ ತಿರುಗಿ ಕೈ ಮುಗಿದು, “ನನಗೆ ನಿಮ್ಮ ಪದರಗಳನ್ನ ತೋರಿಸ್ತೀರಾ?” ಅಂದರು. ಇಬ್ಬರೂ ಮುದುಕರು ಒಬ್ಬರ ಹೆಗಲು ಒಬ್ಬರು ಹಿಡಿದು ಖಣಿಗೆ ಇಳಿದರು. ಟಣ್, ಟಣ್ ಅನ್ನುವ ಸದ್ದು, “ಇದು ಅತ್ತಿ ನೋಡ್ರಿ” ಅನ್ನುವ ಮಾತು ಮಧ್ಯಾಹ್ನದವರೆಗೂ ಕೇಳುತ್ತಿತ್ತು. ಆಕೆಯನ್ನು ಯಾರೂ ಕರೆಯಲಿಲ್ಲ. ನಮ್ಮಿಬ್ಬರನ್ನು ಮಡಿಲಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಕೂತೇ ಇದ್ದಳು.

ಮುಂದಿನದು ಬೇಗ ಮುಗಿಯುತ್ತದೆ. ಲೇಖನವನ್ನು ಹಿಂತೆಗೆದುಕೊಂಡಳು. ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ನಾಲ್ಕು ಸಾಲು, ಕಳೆದುಹೋದ ಎಮ್ಮೆಯ ಪ್ರಕಟಣೆಯ ಕೆಳಗೆ. ವರ್ಷ ತಿರುಗುವುದರೊಳಗೆ ವಿಭಾಗ ಮುಚ್ಚಿತು. ಕಪಾಟಿನ ಕಲ್ಲುಗಳನ್ನು ಮುರಿದ ಬೆಂಚುಗಳ ಜೊತೆ ಹಿಂದಿನ ಕೋಣೆಗೆ ತುಂಬಿದರು. ಅಲೆಯ ಗೆರೆಯ ಹಿರಿಯನೂ ಅಲ್ಲಿಗೇ ಹೋದ. ನಾನು ಅವನಿಗೆ ಒಂದು ಮಾತು ಹೇಳಬೇಕಿತ್ತು, ಆಗಲಿಲ್ಲ.

ಆಕೆ ಬ್ಲೇಡು ಹಿಡಿದು ನನ್ನ ನಂಬರನ್ನು ಕೆರೆದಳು, ಪೂರ್ತಿ ಹೋಗಲಿಲ್ಲ. ನಮ್ಮಿಬ್ಬರನ್ನು ಒಂದು ಹಗ್ಗದಲ್ಲಿ ಬಿಗಿದು, ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಚೀಟಿ ಇಟ್ಟು ಕಟ್ಟಿ, ಲಾಡ್ಲೇಸಾಬರ ಮನೆಗೆ ತಂದಳು. ಅವರ ಕಣ್ಣು ಆ ಹೊತ್ತಿಗೆ ಪೂರ್ತಿ ಹೋಗಿತ್ತು. ಬೆರಳಿನಿಂದ ಸಂದು ಮುಟ್ಟಿ ನೋಡಿ, ಚೀಟಿ ಮುಟ್ಟಿ ನೋಡಿ, “ಏನ್ ಬರದೀರಿ?” ಅಂದರು.

ಆಕೆ ಓದಿದಳು: “ಮೇಲಿನ ಬಿಳಿ ಪದರದ ಕಲ್ಲು. ಕೆರೆಯ ಬಸವನಹುಳುಗಳು. ವಯಸ್ಸು ಸುಮಾರು ಆರೂವರೆ ಕೋಟಿ ವರ್ಷ. ಉರುಳಿ ಬಂದದ್ದು. ಓದಿದವರು: ಲಾಡ್ಲೇಸಾಬ, ಪರಸಿ ಖಣಿ ಮೇಸ್ತ್ರಿ.”

ಅವರು “ಇನ್ನೊಮ್ಮಿ ಓದ್ರಿ” ಅಂದರು.

ಆಕೆ ಇನ್ನೊಮ್ಮೆ ಓದಿದಳು.

ಈಗ ನಾನು ಅವರ ಮನೆಯ ಬಾಗಿಲಿಗೆ ಆಸರೆ. ಗಾಳಿಗೆ ಬಾಗಿಲು ಬಡಿಯದಂತೆ ಅಕ್ಕನೂ ನಾನೂ ಅಡ್ಡ ಕೂತಿರುತ್ತೇವೆ. ದೀಪವಿಲ್ಲ, ಮಖಮಲ್ಲಿಲ್ಲ. ಕೋಳಿಮರಿಗಳು ಬಂದು ತಲೆಯ ಮೇಲೆ ನಿಲ್ಲುತ್ತವೆ. ನನ್ನ ವಯಸ್ಸು ನನಗೆ ಸಾಕು. ಆರೂವರೆ ಕೋಟಿ ವರ್ಷವೇನು ಸಣ್ಣದಲ್ಲ, ಅದು ಆಗಲೇ ಗೊತ್ತಿದ್ದರೆ ಚೆನ್ನಾಗಿತ್ತು. ಪದರದ ಜಗಳಕ್ಕೆ ಖಣಿಯವರು ಮತ್ತೆ ಈ ಮನೆಗೆ ಬರುತ್ತಾರೆ, ಕಲ್ಲಿನ ಚೂರು ತಂದು ಅವರ ಕೈಗೆ ಕೊಡುತ್ತಾರೆ. ಬಂದವರಲ್ಲಿ ಅಕ್ಷರ ಬಲ್ಲವರಿದ್ದರೆ ಲಾಡ್ಲೇಸಾಬರು ಕೋಲಿನಿಂದ ನನ್ನನ್ನು ತಟ್ಟಿ “ಆ ಚೀಟಿ ಓದ್ರಿ” ಅನ್ನುತ್ತಾರೆ. ಪ್ರತಿ ಸಲವೂ ನಾನು ಕಲ್ಲಿನೊಳಗೆ ಇನ್ನಷ್ಟು ಕಲ್ಲಾಗುತ್ತೇನೆ.

ಮಹಾನಂದಾ ಈಗ ಪಕ್ಕದ ಊರಿನ ಶಾಲೆಯಲ್ಲಿ ಕಲಿಸುತ್ತಾಳೆ, ಈಗಲೂ ಭಾನುವಾರ ಬರುತ್ತಾಳೆ. ರೊಟ್ಟಿ ತಿನ್ನುತ್ತಾಳೆ, ಅವರ ಕಾಲ ಬಳಿ ಕೂತು ಟಣ್ಣೆನ್ನುವ ಸದ್ದು ಕಲಿಯುತ್ತಾಳೆ. ಹೊರಡುವ ಹೊತ್ತಿಗೆ ಅವರು ಆಕೆಗೂ ಹೇಳುತ್ತಾರೆ, “ಅಕ್ಕೋರೆ, ಅದೊಂದು ಓದಿ ಹೋಗ್ರಿ.” ಅದು ಶಿಕ್ಷೆಯೋ, ಪ್ರೀತಿಯೋ, ತಮ್ಮ ಹೆಸರು ಕೇಳುವ ಮುದುಕರ ಆಸೆಯೋ, ನನಗೆ ಗೊತ್ತಿಲ್ಲ. ಆಕೆ ಬಗ್ಗಿ ಓದುತ್ತಾಳೆ. ‘ಉರುಳಿ ಬಂದದ್ದು’ ಅನ್ನುವಲ್ಲಿ ಆಕೆಯ ಧ್ವನಿ ಇವತ್ತಿಗೂ ತಡವರಿಸುತ್ತದೆ, ಮತ್ತು ಅವರು ಇವತ್ತಿಗೂ ಆ ಮಾತು ಪೂರ್ತಿಯಾಗುವವರೆಗೆ ಕಾಯುತ್ತಾರೆ.